ಬೀಸುವ ಕಲ್ಲಿನ ಮೂರನೆಯ ಸಾಲು



ಕಳೆದ ತಿಂಗಳು ಒಂದು ಭಾನುವಾರ ಕೆಂಗೇರಿ ಉಪನಗರದಿಂದ ಇಬ್ಬರು ಯುವಕರು ನನ್ನನ್ನು ಹುಡುಕಿಕೊಂಡು ಬಂದರು. ಅವರಲ್ಲೊಬ್ಬನ ತಂದೆ ನನ್ನ ಹಳೆಯ ವಿದ್ಯಾರ್ಥಿ. ಒಬ್ಬ ಪದ್ಯ ಬರೆಯುವವನು, ಇನ್ನೊಬ್ಬ ರಾಗ ಹಾಕಿ ಹಾಡುವವನು. ಇಬ್ಬರೂ ಹಗಲು ಕಂಪ್ಯೂಟರ್ ಕಂಪನಿಗಳಲ್ಲಿ ದುಡಿದು ರಾತ್ರಿ ಹಾಡು ಕಟ್ಟುವವರು. ಮನೆಯ ಒಂದು ಕೋಣೆಯ ಗೋಡೆಗೆ ಹಳೆಯ ಹಾಸಿಗೆಗಳನ್ನು ಒರಗಿಸಿ, ಹೊರಗಿನ ಸದ್ದು ಒಳಗೆ ಬಾರದಂತೆ ಮಾಡಿಕೊಂಡು ಅವರು ಒಂದು ಹಾಡನ್ನು ಮುದ್ರಿಸಿದ್ದರು. ಅದಕ್ಕೆ ಅವರು ಹೇಳುವ ಹೆಸರು 'ಸಿಂಗಲ್'. ಒಂದೇ ಹಾಡು, ಒಂಟಿಯಾಗಿ ಲೋಕಕ್ಕೆ ಬಿಡುವುದು. "ಸಾರ್, ಮುಂದಿನ ವಾರ ಬಿಡುಗಡೆ. ಒಮ್ಮೆ ಕೇಳಿ ಹೇಳಬೇಕು" ಎಂದರು.

ಮೊಬೈಲನ್ನು ಕಿವಿಯ ಹತ್ತಿರ ಹಿಡಿದು ಕೇಳಿದೆ. ತಮಟೆಯ ಗತ್ತು, ನಡುವೆ ಗಿಟಾರು, ಮೇಲೊಂದು ತೆಳುವಾದ ಕೊಳಲು. ಹುಡುಗನ ಕಂಠ ಚೆನ್ನಾಗಿದೆ. ಪಲ್ಲವಿ ಬಂದಾಗ ಮಾತ್ರ ನಾನು ಸ್ವಲ್ಪ ನೆಟ್ಟಗೆ ಕುಳಿತೆ. ಅದು ಬೀಸುವ ಪದ. ನಮ್ಮ ಮಾಗಡಿ ಸೀಮೆಯ ರಾಗಿಕಲ್ಲಿನ ಧಾಟಿ. ಉಳಿದ ಚರಣಗಳು ಹೊಸವು, ಮೆಟ್ರೊ ರೈಲಿನಲ್ಲಿ ನಿಂತು ಊರನ್ನು ನೆನೆಯುವ ಹುಡುಗನ ಮಾತುಗಳು.

"ಪಲ್ಲವಿ ಎಲ್ಲಿಂದ ಬಂತಪ್ಪ?" ಎಂದು ಕೇಳಿದೆ.

"ನಮ್ಮ ಅಜ್ಜಿ ಹೇಳುತ್ತಿದ್ದರು ಸಾರ್" ಎಂದ ಪದ್ಯದ ಹುಡುಗ.

ಪರದೆಯ ಕೆಳಗಿನ ಸಾಲು ಓದಿದೆ. 'ಸಾಹಿತ್ಯ' ಎಂಬಲ್ಲಿ ಅವನ ಹೆಸರಿತ್ತು, 'ಸಂಗೀತ' ಎಂಬಲ್ಲಿ ಗೆಳೆಯನ ಹೆಸರಿತ್ತು. ಅಜ್ಜಿಯ ಹೆಸರಿರಲಿಲ್ಲ. ನಾನು ಏನಾದರೂ ಹೇಳುವ ಮೊದಲೇ ನನ್ನವಳು ಒಳಗಿನಿಂದ ಕಾಫಿ ತಂದಿಟ್ಟು, "ರೀ, ಮಕ್ಕಳನ್ನು ಬಂದ ತಕ್ಷಣ ಬೆಂಚಿನ ಮೇಲೆ ನಿಲ್ಲಿಸಬೇಡಿ" ಎಂದಳು. ಹಾಗಾಗಿ ಆ ದಿನ ಹೆಚ್ಚು ಮಾತಾಡಲಿಲ್ಲ. ಅವರು ಹೋದಮೇಲೆ ಅದೇ ವಿಷಯ ಮನಸ್ಸಿನಲ್ಲಿ ಸುತ್ತುತ್ತಿದೆ. ಅವರಿಗೆ ಬುದ್ಧಿ ಹೇಳುವ ಹಕ್ಕು ನನಗಿದೆಯೇ ಎಂಬ ಪ್ರಶ್ನೆಯೂ ಜೊತೆಗೇ ಸುತ್ತುತ್ತಿದೆ. ಏಕೆಂದು ಮುಂದೆ ಹೇಳುತ್ತೇನೆ.

ಇಬ್ಬರು ಸೇರಿ ಒಂದು ಹಾಡು ಕಟ್ಟುವುದು ನಮ್ಮಲ್ಲಿ ಹೊಸದಲ್ಲ. ನನ್ನ ಬಾಲ್ಯದಲ್ಲಿ ನಾನು ಕಂಡ ಮೊದಲ ಜೋಡಿ ನನ್ನ ಅಜ್ಜಿ ಮತ್ತು ದೊಡ್ಡಮ್ಮ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ರಾಗಿಕಲ್ಲಿನ ಎರಡೂ ಬದಿಗೆ ಎದುರುಬದುರಾಗಿ ಕಾಲು ಚಾಚಿ ಕುಳಿತು, ಒಂದೇ ಗೂಟವನ್ನು ಇಬ್ಬರೂ ಹಿಡಿದು ಬೀಸುತ್ತಿದ್ದರು. ಒಬ್ಬರ ಬಲಗೈ ಗೂಟದ ಮೇಲಿದ್ದರೆ ಎಡಗೈ ಕಲ್ಲಿನ ಬಾಯಿಗೆ ಹಿಡಿ ರಾಗಿ ಹಾಕುತ್ತಿತ್ತು. ಅಜ್ಜಿ ಮೊದಲ ಸಾಲು ಎತ್ತುತ್ತಿದ್ದರು. ದೊಡ್ಡಮ್ಮ ಎರಡನೆಯ ಸಾಲಿಗೆ ಸೇರಿಕೊಳ್ಳುತ್ತಿದ್ದರು. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಂಡು ಮೂರನೆಯದಕ್ಕೆ ಇಳಿಯುವ ರೂಢಿಯಿದೆಯಲ್ಲ, ಆ ತಿರುವಿನಲ್ಲಿ ಇಬ್ಬರ ದನಿಯೂ ಕಲ್ಲಿನ ಗುರುಗುರು ಸದ್ದೂ ಒಂದಾಗುತ್ತಿದ್ದವು. ಮೊದಲು ಕಲ್ಲಿನ ಸ್ತುತಿ, ಆಮೇಲೆ ತವರು, ಆಮೇಲೆ ಅಣ್ಣತಮ್ಮಂದಿರು, ಆಮೇಲೆ ಅತ್ತೆಯ ಮೇಲಿನ ಸಿಟ್ಟು. ಅತ್ತೆಯ ವಿಷಯ ಬಂದಾಗ ದೊಡ್ಡಮ್ಮನ ದನಿ ಸ್ವಲ್ಪ ಏರುತ್ತಿತ್ತು, ಎದುರಿಗೆ ಕುಳಿತಿದ್ದವರು ಅತ್ತೆಯೇ ಆದರೂ! ಅಜ್ಜಿ ನಗುತ್ತಾ ಗೂಟ ತಿರುಗಿಸುತ್ತಿದ್ದರು. ಹಗಲಿನಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳಿಕೊಳ್ಳಲು ಅದೊಂದೇ ಜಾಗ.

ಆ ಹಾಡಿಗೆ ಅಳತೆ ಎಷ್ಟು? ಒಂದು ಮೊರ ರಾಗಿ. ರಾಗಿ ಮುಗಿದಾಗ ಹಾಡು ನಿಲ್ಲುತ್ತಿತ್ತು. ಹಬ್ಬದ ಹಿಂದಿನ ದಿನ ರಾಗಿ ಹೆಚ್ಚಾದರೆ ಹಾಡೂ ಬೆಳೆಯುತ್ತಿತ್ತು, ಸಾಲು ಸಾಲದಿದ್ದರೆ ಅಲ್ಲಿಯೇ ಹೊಸದಾಗಿ ಹುಟ್ಟುತ್ತಿತ್ತು. ಹೀಗೆ ಹುಟ್ಟಿದ ಸಾಲು ಅಜ್ಜಿಯದೋ ದೊಡ್ಡಮ್ಮನದೋ ಎಂದು ಯಾರೂ ಬರೆದಿಡಲಿಲ್ಲ. ಮರುದಿನ ಪಕ್ಕದ ಮನೆಯ ಕಲ್ಲಿನ ಮೇಲೆ ಅದು ಕೇಳಿಬಂದರೆ ಯಾರೂ ಜಗಳಕ್ಕೆ ಹೋಗಲಿಲ್ಲ.

ಇಂತಹ ಪದಗಳು ಅಚ್ಚಿನ ಪುಸ್ತಕಕ್ಕೆ ಬಂದದ್ದು ನನ್ನ ಹುಟ್ಟಿಗೂ ಮೊದಲು. ವಿಜಯಪುರ ಸೀಮೆಯ ಹಲಸಂಗಿ ಎಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರ ಗುಂಪು ಹೆಂಗಸರ ಬಾಯಿಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವನ್ನು ಹೊರತಂದರು. ಹೊಸಗನ್ನಡದ ಕವಿಗಳಿಗೆ ಅದೊಂದು ಪಾಠಶಾಲೆಯಾಯಿತು. ನಾನು ಕಾಲೇಜಿನಲ್ಲಿ ಆ ಪುಸ್ತಕವನ್ನು ಮೊದಲು ಓದಿದಾಗ ನನಗೆ ಆಶ್ಚರ್ಯವಾದದ್ದು ಇಷ್ಟು: ನಮ್ಮ ಮನೆಯಲ್ಲಿ ಕತ್ತಲಲ್ಲಿ ಹುಟ್ಟಿ ಬೆಳಕಾಗುವ ಹೊತ್ತಿಗೆ ಮಾಯವಾಗುತ್ತಿದ್ದ ವಸ್ತುವಿಗೆ ಪುಟಸಂಖ್ಯೆ ಇದೆ! ಆದರೆ ಹಾಡಿದವಳ ಹೆಸರು ಸಾಹಿತ್ಯ ಚರಿತ್ರೆಗೆ ಬರಲಿಲ್ಲ. ಸಂಗ್ರಾಹಕರನ್ನು ನಾನು ದೂರುತ್ತಿಲ್ಲ, ಅವರು ಮಾಡದಿದ್ದರೆ ಉಳಿಯುತ್ತಿದ್ದುದೇ ಸ್ವಲ್ಪ. 'ಗರತಿ' ಎಂಬ ಒಂದು ಪದವೇ ಸಾವಿರಾರು ಹೆಂಗಸರ ಪರವಾಗಿ ಸಹಿ ಹಾಕಿತು.

ನಾನು ರಾಜಾಜಿನಗರಕ್ಕೆ ಬಂದದ್ದು 1956ರಲ್ಲಿ, ಸೋದರಮಾವನ ಮನೆಯಲ್ಲಿದ್ದು ಓದಲು. ಕಾರ್ಖಾನೆಗಳಿಗಾಗಿಯೂ ಕಾರ್ಮಿಕರಿಗಾಗಿಯೂ ಯೋಜಿಸಿದ ಬಡಾವಣೆ ಆಗಿನ್ನೂ ಎಳೆಯದು. ಮನೆಗಳ ನಡುವೆ ಖಾಲಿ ನಿವೇಶನಗಳು, ಅವುಗಳಲ್ಲಿ ಎಕ್ಕದ ಗಿಡ. ಇಂದು ವಿಜಯನಗರ, ಬಸವೇಶ್ವರನಗರ ಎಂದು ಕರೆಯುವ ಕಡೆಗಳಲ್ಲಿ ಹೊಲಗದ್ದೆಗಳಿದ್ದವು, ಕೆಂಗೇರಿ ಎಂದರೆ ದೂರದ ಊರು. ಹಳ್ಳಿಯಿಂದ ಬಂದವರೆಲ್ಲ ಒಂದೊಂದು ಕಲ್ಲು ಹೊತ್ತು ತಂದಿದ್ದರು. ನಮ್ಮ ಮಾವನ ಮನೆಯ ಹಿತ್ತಲಿನಲ್ಲೂ ಒಂದಿತ್ತು. ಎರಡು ಮೂರು ವರ್ಷಗಳಲ್ಲಿ ಬೀದಿಯ ಕೊನೆಗೆ ವಿದ್ಯುತ್ತಿನ ಹಿಟ್ಟಿನ ಗಿರಣಿ ಬಂತು. ಅತ್ತೆ ಡಬ್ಬ ಹಿಡಿದು ಗಿರಣಿಗೆ ಹೋಗತೊಡಗಿದರು, ಕಲ್ಲಿನ ಮೇಲೆ ತುಳಸಿಯ ಕುಂಡ ಕುಳಿತಿತು. ಬೆನ್ನುನೋವು ಹೋಯಿತೆಂದು ಅತ್ತೆ ಸಂತೋಷಪಟ್ಟರು. ಹಾಡು ಹೋಯಿತೆಂದು ಅಂದು ಯಾರಿಗೂ ಹೊಳೆಯಲಿಲ್ಲ, ನನಗೂ.

ಅದೇ ಕಾಲಕ್ಕೆ ಹಾಡು ಇನ್ನೊಂದು ಬಾಗಿಲಿನಿಂದ ಮನೆಯೊಳಗೆ ಬಂತು. ಪಕ್ಕದ ಮನೆಯವರ ರೇಡಿಯೋದಲ್ಲಿ ಪಿ. ಕಾಳಿಂಗರಾಯರು ಹಾಡುತ್ತಿದ್ದರು. ಕರಾವಳಿಯ ಆರೂರಿನಲ್ಲಿ 1914ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ನಾಟಕ ಕಂಪನಿ ಸೇರಿ, ಸಿನಿಮಾ ಸಂಗೀತವನ್ನೂ ಮಾಡಿ, ಕೊನೆಗೆ ಕನ್ನಡ ಕವಿತೆಯನ್ನೂ ಜನಪದ ಗೀತೆಯನ್ನೂ ಊರೂರಿಗೆ ಹೊತ್ತು ನಡೆದವರು ಅವರು. ಅವರ ಜೊತೆ ಹಾಡುತ್ತಿದ್ದ ಮೋಹನಕುಮಾರಿ, ಸೋಹನಕುಮಾರಿಯರ ದನಿಗಳನ್ನು ಬಿಟ್ಟು ಅವರ ಹಾಡನ್ನು ನೆನೆಯಲು ನನ್ನ ತಲೆಮಾರಿನವರಿಗೆ ಆಗುವುದಿಲ್ಲ. ಗಣೇಶೋತ್ಸವದ ಚಪ್ಪರದಲ್ಲಿ ಒಮ್ಮೆ ಅವರನ್ನು ನೋಡಿದ್ದೇನೆ. ಮೊದಲ ಸಾಲು ಹಾಡಿ ಅವರು ಒಂದು ಕ್ಷಣ ಸುಮ್ಮನಾಗುತ್ತಿದ್ದರು, ಜನ ಎರಡನೆಯ ಸಾಲಿಗೆ ಸೇರಿಕೊಳ್ಳಲಿ ಎಂಬಂತೆ. ಸೇರುತ್ತಿದ್ದರು ಕೂಡ.

ಕಾಳಿಂಗರಾಯರು ಹಾಡಿ ಮನೆಮಾತು ಮಾಡಿದ ಹಾಡುಗಳಲ್ಲಿ ಜಿ.ಪಿ. ರಾಜರತ್ನಂ ಅವರ 'ರತ್ನನ ಪದಗಳು' ಸೇರಿವೆ. ಈ ಜೋಡಿಯ ಕಥೆ ನನಗೆ ಬಹಳ ಪ್ರಿಯ. ರಾಜರತ್ನಂ ಹೆಂಡ ಮುಟ್ಟದ ಅಧ್ಯಾಪಕರು, ಪಾಲಿ ಓದಿದವರು, ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದವರು. ಅಂತಹವರು 1930ರ ದಶಕದಲ್ಲಿ ಹೆಂಡಗುಡುಕನೊಬ್ಬನ ಬಾಯಿಯಲ್ಲಿ, ಅವನದೇ ಆಡುಮಾತಿನಲ್ಲಿ, ಲೋಕದ ನೋವನ್ನೂ ಹೆಂಡತಿಯ ಮೇಲಿನ ಅಕ್ಕರೆಯನ್ನೂ ಕನ್ನಡದ ಮೇಲಿನ ಹುಚ್ಚನ್ನೂ ಹೇಳಿಸಿದರು. ಆ ಪದಗಳು ಹಾಡಾಗಿ ಹರಡಿದ ಮೇಲೆ ಒಂದು ವಿಚಿತ್ರ ನಡೆಯಿತು. ನಮ್ಮ ಬೀದಿಯಲ್ಲಿ ಒಬ್ಬ ಗಾಡಿಯವನಿದ್ದ, ಸಂಜೆ ಹಾಡಿಕೊಂಡು ಬರುತ್ತಿದ್ದ. ಇದನ್ನು ರಾಜರತ್ನಂ ಎಂಬುವರು ಬರೆದಿದ್ದಾರೆ ಎಂದು ನಾನು ವಿದ್ಯಾರ್ಥಿಯ ಹೆಮ್ಮೆಯಿಂದ ಹೇಳಿದಾಗ ಅವನು ನನ್ನನ್ನು ನೋಡಿ ನಕ್ಕುಬಿಟ್ಟ. "ಇದ್ನ ಯಾರಾನ ಬರೀತಾರಾ ಸ್ವಾಮಿ? ಇದು ನಮ್ದು" ಎಂದ. ಕವಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾರು ಕೊಟ್ಟಾರು? ಅವರದೇ ಶಿಶುಗೀತೆಗಳ ತುತ್ತೂರಿಯನ್ನೂ ನಾಯಿಮರಿಯನ್ನೂ ನಾನು ತರಗತಿಯಲ್ಲಿ ಹೇಳಿಕೊಡುವಾಗ, ಅರ್ಧ ಮಕ್ಕಳು ಅಮ್ಮನಿಂದ ಆಗಲೇ ಕಲಿತು ಬಂದಿರುತ್ತಿದ್ದರು. ಕವಿಯ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು.

ಅಂದರೆ ಹಾಡಿಗೆ ಎರಡು ದಾರಿಗಳಿವೆ. ಕಟ್ಟಿದವರ ಹೆಸರಿದ್ದ ಹಾಡು ಜನರ ಬಾಯಿಗೆ ಬಿದ್ದು ಹೆಸರನ್ನು ಕಳೆದುಕೊಳ್ಳುವುದು ಒಂದು. ಹೆಸರಿಲ್ಲದ ಹಾಡು ಯಾರದೋ ಕೈಗೆ ಸಿಕ್ಕಿ ಅವರ ಹೆಸರನ್ನು ಪಡೆಯುವುದು ಇನ್ನೊಂದು. ಮೊದಲನೆಯದು ಕವಿಗೆ ಗೌರವ. ಎರಡನೆಯದು ಏನು ಎಂಬುದೇ ಪ್ರಶ್ನೆ.

ಗ್ರಾಮಾಫೋನ್ ತಟ್ಟೆ ಬಂದಾಗ ಈ ಪ್ರಶ್ನೆಗೆ ರೂಪ ಬಂತು. ಅರಗಿನ ಆ ಕಪ್ಪು ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು, ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಸುತ್ತಿತ್ತು. ಒಂದು ಮೊರ ರಾಗಿಯ ಹಾಡನ್ನು ಮೂರು ನಿಮಿಷಕ್ಕೆ ಕತ್ತರಿಸಬೇಕು. ಯಾವ ಸಾಲು ಇರಬೇಕು, ಯಾವುದು ಹೋಗಬೇಕು ಎಂದು ಯಾರೋ ತೀರ್ಮಾನಿಸಬೇಕು. ಅತ್ತೆಯ ಮೇಲಿನ ಸಿಟ್ಟು ಸಾಮಾನ್ಯವಾಗಿ ಹೋಗುತ್ತಿತ್ತು. ತವರಿನ ತಂಪು ಉಳಿಯುತ್ತಿತ್ತು. ತಟ್ಟೆಯ ನಡುವೆ ಒಂದು ದುಂಡನೆಯ ಚೀಟಿ, ಅದರ ಮೇಲೆ ಹಾಡಿದವರ ಹೆಸರು, ಸಂಗೀತ ಮಾಡಿದವರ ಹೆಸರು, 'ಸಾಹಿತ್ಯ' ಎಂಬಲ್ಲಿ 'ಜನಪದ'. ಚೀಟಿಯಲ್ಲಿ ಜಾಗವೂ ಇರಲಿಲ್ಲ, ಬರೆಯಲು ಹೆಸರು ಗೊತ್ತೂ ಇರಲಿಲ್ಲ. ನಮ್ಮ ಹುಡುಗರ ಹಾಡು ಮೂರು ನಿಮಿಷ ನಲವತ್ತು ಸೆಕೆಂಡು ಇದೆ. ಇಂದು ಜಾಗದ ಕೊರತೆ ಇಲ್ಲದಿದ್ದರೂ ನೂರು ವರ್ಷ ಹಿಂದಿನ ಅರಗಿನ ತಟ್ಟೆಯ ಅಳತೆಯೇ ಹಾಡುಗಾರರ ಮೈಯಲ್ಲಿ ಉಳಿದುಕೊಂಡಿದೆ.

ಆಮೇಲೆ ಕ್ಯಾಸೆಟ್ಟಿನ ಕಾಲ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂತು. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಎಂದು ಅದು ಹೆಸರಾಯಿತು. ಒಬ್ಬರು ಭೂವಿಜ್ಞಾನದ ಅಧ್ಯಾಪಕರು, ಒಬ್ಬರು ಹಾಡುಗಾರರು. ನನ್ನ ಮಿತ್ರರೊಬ್ಬರ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಒಂದೇ ಸಂಜೆ ಮೂರು ಬಾರಿ ಕೇಳಿದೆವು. ಅದುವರೆಗೆ ಹಾಡು ಬೇಕೆಂದರೆ ರೇಡಿಯೋದವರು ಹಾಕುವವರೆಗೆ ಕಾಯಬೇಕಿತ್ತು. ಈಗ ಹಾಡು ನಮ್ಮ ಕೈಯಲ್ಲಿತ್ತು, ಹಿಂದಕ್ಕೆ ತಿರುಗಿಸಬಹುದಿತ್ತು. ಆ ಹಿಂದಕ್ಕೆ ತಿರುಗಿಸುವ ಗುಂಡಿ ಎಂತಹ ಅಪಾಯಕಾರಿ ಎಂಬುದು ನನಗೆ ಎಂಟು ವರ್ಷಗಳ ನಂತರ ತಿಳಿಯಲಿತ್ತು.

ಅದೇ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಶಿವಮೊಗ್ಗ ಸುಬ್ಬಣ್ಣನವರಿಗೆ ಬಂತು, ಚಂದ್ರಶೇಖರ ಕಂಬಾರರ 'ಕಾಡು ಕುದುರೆ' ಚಿತ್ರದ ಹಾಡಿಗೆ. ಕಂಬಾರರು ಬರೆದದ್ದು ಜನಪದವೋ ಕಾವ್ಯವೋ ಎಂದು ಸ್ಟಾಫ್ ರೂಮಿನಲ್ಲಿ ನಾವು ವಾದಿಸಿದ್ದೆವು. ಕಂಬಾರರು ಆಗ ನಮ್ಮ ಪಶ್ಚಿಮ ಬೆಂಗಳೂರಿನಲ್ಲೇ, ಮೈಸೂರು ರಸ್ತೆಯ ಬದಿಯ ಜ್ಞಾನಭಾರತಿ ಆವರಣದಲ್ಲಿ ಪಾಠ ಹೇಳುತ್ತಿದ್ದರು.

ಆದರೆ ಜೋಡಿ ಎಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ಶಿಶುನಾಳ ಶರೀಫರ ಸುತ್ತ ಕೂಡಿಕೊಂಡ ಜೋಡಿಗಳು. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಕೆಲಕಾಲ ಕನ್ನಡ ಶಾಲೆಯ ಮಾಸ್ತರಿಕೆ ಮಾಡಿ ಬಿಟ್ಟವರು (ಈ ಒಂದು ವಿಷಯಕ್ಕೆ ನನಗೆ ಅವರ ಮೇಲೆ ವಿಶೇಷ ಅಭಿಮಾನ, ಸ್ವಲ್ಪ ಅಸೂಯೆಯೂ). ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದು ಈ ಮುಸಲ್ಮಾನ ಶಿಷ್ಯ ಕಟ್ಟಿದ ತತ್ವಪದಗಳು ಹುಬ್ಬಳ್ಳಿ-ಧಾರವಾಡ ಸೀಮೆಯ ಭಜನೆಯ ಮೇಳಗಳಲ್ಲಿ ಏಕತಾರಿ, ದಮ್ಮಡಿಗಳ ಜೊತೆ ಬಾಯಿಂದ ಬಾಯಿಗೆ ಉಳಿದವು. ಹೆಸರು ಉಳಿದದ್ದು ಹೇಗೆ? ಹಾಡಿನ ಕೊನೆಯಲ್ಲೇ ಶಿಶುನಾಳಧೀಶನ ಅಂಕಿತವಿದೆ. ಹಾಡಿದವರು ಯಾರೇ ಆಗಲಿ, ಮುಗಿಸುವಾಗ ಶಿಶುನಾಳದ ಹೆಸರು ಹೇಳಿಯೇ ಮುಗಿಸಬೇಕು. ವಚನಕಾರರೂ ದಾಸರೂ ಇದನ್ನೇ ಮಾಡಿದರು. ಯಾವ ಕಾಯಿದೆಯೂ ಇಲ್ಲದ ಕಾಲದಲ್ಲಿ ನಮ್ಮವರು ಕಂಡುಕೊಂಡ ಹಕ್ಕುಪತ್ರವದು. ಕಲ್ಲಿನ ಮುಂದೆ ಕುಳಿತ ಹೆಂಗಸಿಗೆ ಅಂಕಿತ ಹಾಕಿಕೊಳ್ಳುವ ಯೋಚನೆ ಬರಲಿಲ್ಲ.

ಆ ಶರೀಫರನ್ನು ಬೆಂಗಳೂರಿನ ಮಧ್ಯಮವರ್ಗದ ಮನೆಗಳಿಗೆ ತಂದವರಲ್ಲಿ ಮುಖ್ಯರು ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಮತ್ತು ಸಿ. ಅಶ್ವತ್ಥ್. ಭಟ್ಟರು ಪದಗಳನ್ನು ಹುಡುಕಿ, ಪಾಠ ನೋಡಿ, ಅರ್ಥ ಬಿಡಿಸಿಕೊಟ್ಟರು. ಅಶ್ವತ್ಥ್ ಏರುದನಿಯಲ್ಲಿ ಅವುಗಳಿಗೆ ಹೊಸ ಮೈ ಕೊಟ್ಟರು. ಟೆಲಿಫೋನ್ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡು ಕಟ್ಟಿದವರು ಅವರು. ಮುಂದೆ 1990ರಲ್ಲಿ ಟಿ.ಎಸ್. ನಾಗಾಭರಣರು 'ಸಂತ ಶಿಶುನಾಳ ಶರೀಫ' ಚಿತ್ರ ಮಾಡಿದರು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದಭಟ್ಟರಾದರು. ಧಾರವಾಡದ ಕಡೆಯ ಗೆಳೆಯರು ಕೆಲವರು "ನಮ್ಮ ಕಡೆ ಹಾಡೋದು ಹಿಂಗಲ್ಲ" ಎಂದು ಮುಖ ಗಂಟಿಕ್ಕುತ್ತಿದ್ದರು. ನನಗೆ ಅಶ್ವತ್ಥರ ಹಾಡು ಅಂದೂ ಇಷ್ಟ, ಇಂದೂ ಇಷ್ಟ. ಆದರೆ ಗೆಳೆಯರ ಮಾತಿನಲ್ಲಿದ್ದ ಸಂಕಟ ಅಂದು ನನಗೆ ಅರ್ಥವಾಗಿರಲಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ.

ಅದು 1986. ಮಾಗಡಿ ರಸ್ತೆಯ ಆಸುಪಾಸಿನ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಅಧ್ಯಾಪಕ. ಅಂತರಶಾಲಾ ಜನಪದ ಗೀತೆ ಸ್ಪರ್ಧೆಗೆ ಒಂಬತ್ತನೆಯ ತರಗತಿಯ ಆರು ಹುಡುಗಿಯರನ್ನು ಆರಿಸಿ, ಮನೆಯಿಂದ ಟೂ-ಇನ್-ಒನ್ ಹೊತ್ತುಕೊಂಡು ಹೋಗಿ, ಒಂದು ಕ್ಯಾಸೆಟ್ಟಿನಲ್ಲಿದ್ದ ಬೀಸುವ ಪದವನ್ನು ಕಲಿಸುತ್ತಿದ್ದೆ. ಒಂದು ಸಾಲು ಹಾಕುವುದು, ನಿಲ್ಲಿಸುವುದು, ಮಕ್ಕಳು ಹಾಡುವುದು, ಹಿಂದಕ್ಕೆ ತಿರುಗಿಸುವುದು. ಆ ಆರು ಜನರಲ್ಲಿ ಒಬ್ಬಳು, ಕೊನೆಯ ಬೆಂಚಿನವಳು, ಕಂಠ ಎಲ್ಲರಿಗಿಂತ ಚೆನ್ನಾಗಿತ್ತು. ಮೂರನೆಯ ದಿನ ಅವಳು ಎದ್ದು ನಿಂತಳು.

"ಸಾರ್, ನಮ್ಮಜ್ಜಿ ಈ ಪದ ಬೇರೆ ಥರ ಹೇಳ್ತಾರೆ."

"ಎಲ್ಲಿ, ಹೇಳು" ಎಂದೆ. ಹೇಳಿದಳು. ಧಾಟಿ ಅದೇ, ಆದರೆ ನಿಧಾನ. ಕ್ಯಾಸೆಟ್ಟಿನಲ್ಲಿ ಬೆಳಗಾದದ್ದನ್ನು ಸಾರುವುದು ಕೋಳಿ. ಅವಳ ಅಜ್ಜಿಯ ಪದದಲ್ಲಿ ಬಿನ್ನಿ ಮಿಲ್ಲಿನ ಕೂಗು. ಅವಳ ತಾತ ಮಿಲ್ಲಿನ ಕೆಲಸಗಾರರಾಗಿದ್ದರಂತೆ. 1884ರಲ್ಲಿ ಹುಟ್ಟಿದ ಆ ಮಿಲ್ಲಿನ ಸೈರನ್ ನಮ್ಮ ಕಡೆಯ ಎಷ್ಟೋ ಮನೆಗಳ ಗಡಿಯಾರವಾಗಿತ್ತು. ಮಿಲ್ಲು ಕೂಗುತ್ತದೆ, ಗಂಡನ ಬುತ್ತಿಗೆ ಹಿಟ್ಟಾಗಬೇಕು, ಕಲ್ಲು ಬೇಗ ತಿರುಗಲಿ ಎಂಬ ಅರ್ಥದ ಎರಡು ಸಾಲು, ಅದರ ಮೇಲೆ ಮೂರನೆಯ ಸಾಲು. ಹಳ್ಳಿಯಿಂದ ಕಲ್ಲನ್ನು ಹೊತ್ತು ತಂದ ಹೆಂಗಸು ಪದವನ್ನೂ ಹೊತ್ತು ತಂದು, ಬಿನ್ನಿಪೇಟೆಯ ವಠಾರದಲ್ಲಿ ಅದಕ್ಕೆ ಹೊಸ ಸಾಲು ಹುಟ್ಟಿಸಿದ್ದಳು. ಹಲಸಂಗಿಯ ಗೆಳೆಯರು ಇದನ್ನು ಕೇಳಿದ್ದರೆ ಕೂಡಲೇ ಪೆನ್ಸಿಲ್ ತೆಗೆಯುತ್ತಿದ್ದರು.

ನಾನು ಏನು ಮಾಡಿದೆ? "ಮಿಲ್ಲು, ಸೈರನ್ನು ಎಲ್ಲ ಜನಪದದಲ್ಲಿ ಬರುವುದಿಲ್ಲಮ್ಮ. ನಿಮ್ಮಜ್ಜಿ ತಪ್ಪು ಹೇಳುತ್ತಾರೆ. ಕ್ಯಾಸೆಟ್ಟಿನಲ್ಲಿರುವ ಹಾಗೆಯೇ ಹಾಡು" ಎಂದೆ. ಉಳಿದ ಮಕ್ಕಳು ನಕ್ಕರು. ನಾನೂ ಸ್ವಲ್ಪ ನಕ್ಕೆ ಎಂದು ನೆನಪು. ಅವಳು ಕುಳಿತಳು. ಮರುದಿನದಿಂದ ಕ್ಯಾಸೆಟ್ಟಿನಂತೆಯೇ, ಒಂದು ಉಸಿರೂ ತಪ್ಪದಂತೆ ಹಾಡಿದಳು. ನಮಗೆ ಎರಡನೆಯ ಬಹುಮಾನ ಬಂತು.

ಶಾಲಾ ವಾರ್ಷಿಕೋತ್ಸವದಲ್ಲಿ ಅದೇ ಹಾಡನ್ನು ಮತ್ತೆ ಹಾಡಿಸಿದೆ. ಅವಳ ಅಜ್ಜಿ ಬಂದಿದ್ದರು. ಕುರ್ಚಿ ತೋರಿಸಿದರೂ ಕುಳಿತುಕೊಳ್ಳದೆ ಜಮಖಾನೆಯ ಅಂಚಿನಲ್ಲಿ ಕುಳಿತು ಕೇಳಿದರು. ಕಾರ್ಯಕ್ರಮ ಮುಗಿದ ಮೇಲೆ ನನ್ನ ಬಳಿ ಬಂದು ಕೈ ಮುಗಿದರು.

"ಚೆಂದಾಗಿ ಕಲ್ಸಿದ್ದೀರ ಮೇಷ್ಟ್ರೇ. ಯಾರ ಮನೇ ಪದ ಇದು?"

ವ್ಯಂಗ್ಯವಿರಲಿಲ್ಲ. ನಿಜವಾಗಿಯೇ ತಿಳಿಯಬೇಕೆಂದು ಕೇಳಿದರು. ಪದಕ್ಕೊಂದು ಮನೆ ಇರುತ್ತದೆ, ಯಾವ ಮನೆಯ ಕಲ್ಲಿನ ಮೇಲೆ ಹುಟ್ಟಿತೋ ಆ ಮನೆಯದು ಎಂಬುದು ಅವರ ಲೆಕ್ಕ. ನಾನು ಕ್ಯಾಸೆಟ್ಟಿನವರ ಹೆಸರು ಹೇಳಿದೆ. ಅವರು "ಓ" ಎಂದು ಮೊಮ್ಮಗಳ ಕೈಹಿಡಿದು ಹೋದರು.

ಆ ಪ್ರಶ್ನೆ ನನ್ನನ್ನು ಚುಚ್ಚಿದ್ದು ಅಂದಲ್ಲ, ಬಹಳ ವರ್ಷಗಳ ಮೇಲೆ. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ಮುಂದೆ ರಾಮನಗರದ ಬಳಿ ಮೈಸೂರು ರಸ್ತೆಯಲ್ಲಿ ಜಾನಪದ ಲೋಕವನ್ನು ನಿಲ್ಲಿಸಿದರಲ್ಲ, ನಿವೃತ್ತಿಯಾದ ಮೇಲೆ ಒಮ್ಮೆ ಅಲ್ಲಿಗೆ ಹೋಗಿದ್ದೆ. ದೊಡ್ಡ ಅಧಿಕಾರಿಯಾಗಿದ್ದವರು ಹಳ್ಳಿಯ ಜಗುಲಿಗಳಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕುಳಿತರು. ಅಲ್ಲಿ ಸಾಲಾಗಿ ಇಟ್ಟಿದ್ದ ಬೀಸುವ ಕಲ್ಲುಗಳನ್ನು ನೋಡುತ್ತಾ ನಿಂತಾಗ ಅಜ್ಜಿಯ ಪ್ರಶ್ನೆ ಕೇಳಿಸಿತು. ಅದೇ ಯಂತ್ರ ನನ್ನ ಕೈಯಲ್ಲೂ ಇತ್ತು. ಕೆಂಪು ಗುಂಡಿಯನ್ನು ಒತ್ತಿದ್ದರೆ ಆ ಹುಡುಗಿಯ ಪದ ಉಳಿಯುತ್ತಿತ್ತು. ನಾನು ಒತ್ತಿದ್ದು ಇನ್ನೊಂದು ಗುಂಡಿ.

ಹಾಡಿನ ಒಡೆತನದ ಜಗಳ ನಮ್ಮೊಬ್ಬರದೇ ಅಲ್ಲ. ದಕ್ಷಿಣ ಆಫ್ರಿಕದಲ್ಲಿ ಸಾಲೊಮನ್ ಲಿಂಡಾ ಎಂಬ ಕೆಲಸಗಾರ 1939ರಲ್ಲಿ ಸಂಗಡಿಗರೊಂದಿಗೆ ಸಿಂಹದ ಮೇಲೊಂದು ಹಾಡು ಮುದ್ರಿಸಿದ. ಅವನಿಗೆ ಸಿಕ್ಕಿದ್ದು ಕೆಲವೇ ಶಿಲ್ಲಿಂಗ್. ಆ ಹಾಡು ಅಮೆರಿಕಕ್ಕೆ ಹೋಗಿ, ಹೊಸ ಮಾತು ತೊಟ್ಟು ಜಗತ್ತನ್ನೆಲ್ಲ ಸುತ್ತಿತು. ಲಿಂಡಾ 1962ರಲ್ಲಿ ಬಡವನಾಗಿಯೇ ಸತ್ತ. ಅವನ ಹೆಣ್ಣುಮಕ್ಕಳು ನ್ಯಾಯಾಲಯದ ಮೆಟ್ಟಿಲೇರಿ 2006ರಲ್ಲಿ ರಾಜಿಯಲ್ಲಿ ಒಂದಿಷ್ಟು ನ್ಯಾಯ ಪಡೆದರು. ಅಲ್ಲಿ ಕನಿಷ್ಠ ಒಂದು ಹೆಸರಿತ್ತು. ನಮ್ಮ 1957ರ ಕೃತಿಸ್ವಾಮ್ಯದ ಕಾಯಿದೆ ಕರ್ತೃವಿನ ಜೀವಿತಕಾಲ ಮತ್ತು ಆನಂತರದ 60 ವರ್ಷ ರಕ್ಷಣೆ ಕೊಡುತ್ತದೆ. 2012ರ ತಿದ್ದುಪಡಿಯಿಂದ ಸಿನಿಮಾ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ಗೌರವಧನದ ಹಕ್ಕು ಗಟ್ಟಿಯಾಯಿತು. ಬಹಳ ಒಳ್ಳೆಯದೇ ಆಯಿತು. ಆದರೆ ಕರ್ತೃ ಯಾರೆಂದು ತಿಳಿಯದ ಕಡೆ ಕಾಯಿದೆ ಏನು ಮಾಡೀತು?

ಒಂದೇ ಪಾಠ, ಒಂದೇ ಧಾಟಿ ಎಂಬುದು ಎಲ್ಲ ಕಡೆಯೂ ತಪ್ಪು ಎಂದು ನಾನು ಹೇಳುತ್ತಿಲ್ಲ. ಕುವೆಂಪು ಅವರ ನಾಡಗೀತೆಯನ್ನು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೋ ಅಶ್ವತ್ಥರ ಧಾಟಿಯಲ್ಲೋ ಎಂದು ವರ್ಷಗಟ್ಟಲೆ ಚರ್ಚೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೂ ಎರಡು ನಿಮಿಷ ಮೂವತ್ತು ಸೆಕೆಂಡಿನ ಅಳತೆಯನ್ನೂ ಗೊತ್ತುಮಾಡಿತು. ಸಾವಿರ ಮಕ್ಕಳು ಅಂಗಳದಲ್ಲಿ ನಿಂತು ಒಟ್ಟಾಗಿ ಹಾಡಬೇಕಾದಾಗ ಅಳತೆ ಬೇಕು, ಪ್ರಾರ್ಥನೆಯ ಸಾಲಿನಲ್ಲಿ ಮೂವತ್ತು ವರ್ಷ ನಿಂತವನು ನಾನು, ನನಗೆ ಗೊತ್ತು. ರಾಗಿಕಲ್ಲಿನ ಹಾಡಿಗೂ ಅದೇ ಅಳತೆಗೋಲು ಹಿಡಿದದ್ದು ನನ್ನ ತಪ್ಪು.

ಹುಡುಗರು ಕಳೆದ ವಾರ ಮತ್ತೆ ಬಂದಿದ್ದರು, ಮೆಟ್ರೊ ಹಿಡಿದು. ಈ ಬಾರಿ ನಾನು ಮೇಲಿನ ಕಥೆಯನ್ನೆಲ್ಲ ಹೇಳಿದೆ, ಬೆಂಚಿನ ಮೇಲೆ ಅವರನ್ನಲ್ಲ, ನನ್ನನ್ನೇ ನಿಲ್ಲಿಸಿಕೊಂಡು. ಪದ್ಯದ ಹುಡುಗ ಬಹಳ ಹೊತ್ತು ಸುಮ್ಮನಿದ್ದ.

"ಸಾರ್, ಅಜ್ಜಿಯ ಹೆಸರು ಹಾಕಬಹುದು. ಆದರೆ ಪದ ಅಜ್ಜಿ ಕಟ್ಟಿದ್ದಲ್ಲವಲ್ಲ. ಅವರ ಅತ್ತೆಯಿಂದ ಕಲಿತದ್ದಂತೆ. ಅವರ ಅತ್ತೆ ಯಾರಿಂದಲೋ."

ನ್ಯಾಯವಾದ ಮಾತು. ನನಗೂ ಉತ್ತರ ಗೊತ್ತಿಲ್ಲ. ರಾಗದ ಹುಡುಗ ಇನ್ನೊಂದು ತೊಡಕು ಹೇಳಿದ. ಹಾಡನ್ನು ಏರಿಸುವಾಗ ತುಂಬುವ ನಮೂನೆಯಲ್ಲಿ ಸಾಹಿತ್ಯದ ಎದುರು ಒಬ್ಬ ವ್ಯಕ್ತಿಯ ಹೆಸರನ್ನೇ ಕೇಳುತ್ತದಂತೆ. ಕೊನೆಗೆ ಚರಣಗಳಿಗೆ ಹುಡುಗನ ಹೆಸರು, ಪಲ್ಲವಿಗೆ 'ಅಜ್ಜಿಯಿಂದ ಕೇಳಿದ್ದು' ಎಂದು ವಿವರಣೆಯಲ್ಲಿ ಬರೆದು ಅಜ್ಜಿಯ ಹೆಸರು ಮತ್ತು ಊರು ಸೇರಿಸಿದ್ದಾರೆ. ಹಾಡು ಬಿಡುಗಡೆಯಾಗಿದೆ. ಪರದೆಯನ್ನು ಕೆಳಕ್ಕೆ ಸರಿಸಿದರೆ ಮಾತ್ರ ಆ ಸಾಲು ಕಾಣುತ್ತದೆ. ನನಗೆ ಪೂರ್ತಿ ಸಮಾಧಾನವಿಲ್ಲ, ಆದರೂ ಅರಗಿನ ತಟ್ಟೆಯ ದುಂಡು ಚೀಟಿಗಿಂತ ಇದು ಮೇಲು. ಅಜ್ಜಿ ಇನ್ನೂ ಇದ್ದಾರೆ. ಪದ ಪೂರ್ತಿಯಾಗಿ ಎಷ್ಟು ಉದ್ದವಿದೆ ಎಂದು ಕೇಳಿಕೊಂಡು ಬನ್ನಿ, ಕತ್ತರಿಸದೆ ಮುದ್ರಿಸಿಕೊಳ್ಳಿ ಎಂದು ಅವರನ್ನು ಕಳುಹಿಸಿದ್ದೇನೆ.

ಇನ್ನು ನಿಮ್ಮಲ್ಲಿ ಒಂದು ಕೇಳಿಕೆ. 1986-87ರಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿದ್ದವರು ಇದನ್ನು ಓದುತ್ತಿದ್ದರೆ ನೆನಪು ಮಾಡಿಕೊಳ್ಳಿ. ಕೊನೆಯ ಬೆಂಚಿನ ಆ ಹುಡುಗಿ ಈಗ ಎಲ್ಲಿದ್ದಾಳೆ ಎಂದು ತಿಳಿದಿದ್ದರೆ ನನ್ನ ನಮಸ್ಕಾರ ಮುಟ್ಟಿಸಿ. ಮಿಲ್ಲು ಈಗಿಲ್ಲ, ಅದರ ಕೂಗೂ ಇಲ್ಲ. ಅವಳ ಅಜ್ಜಿಯ ಪದದ ಎರಡು ಸಾಲುಗಳ ಅರ್ಥ ನನಗೆ ನೆನಪಿದೆ. ಮೂರನೆಯ ಸಾಲು ಎಷ್ಟು ತಡಕಿದರೂ ಸಿಗುತ್ತಿಲ್ಲ. ಅವಳು ಅದನ್ನು ಹಾಡುತ್ತಿದ್ದಾಗಲೇ ನಾನು ಮಾತು ತೆಗೆದಿದ್ದೆ.